ಸೊನ್ನೆಯ ದಿನವೂ ಒಂದು ದಿನ

"ಜತ್ತಪ್ಪನ ಹೆಂಡತಿ ಹೆಬ್ಬಾವನ್ನಾದರೂ ಗೋಣಿಗೆ ತುಂಬಿಸಿಯಾಳು, ಲೆಕ್ಕದ ಪುಸ್ತಕ ಮಾತ್ರ ಮುಟ್ಟಲಾರಳು" ಎಂದು ಪುತ್ತಿಗೆಯ ನೆರೆಯವರು ನಗುತ್ತಿದ್ದರು. ಹೆಬ್ಬಾವಿನ ಸಂಗತಿ ನಿಜ. ಕೋಳಿಗೂಡಿಗೆ ನುಗ್ಗಿದ್ದನ್ನು ಪ್ರೇಮಾವತಿ ಒಬ್ಬಳೇ ಹಿಡಿದು ಗೋಣಿಯ ಬಾಯಿ ಕಟ್ಟಿದ್ದಳು. ಲೆಕ್ಕದ ಹೆದರಿಕೆಯೂ ಅಷ್ಟೇ ನಿಜ.

ಅದು ಹತ್ತನೇ ತರಗತಿಯಲ್ಲಿ ಹಿಡಿದದ್ದು. ಮಾಷ್ಟ್ರು ಬೋರ್ಡಿನ ಮೇಲೆ ಎಕ್ಸ್ ಇರುವ ಲೆಕ್ಕವೊಂದನ್ನು ಬರೆದು, "ಎಕ್ಸಿನ ಬೆಲೆ ಹೇಳಿ ಕೂತುಕೋ" ಅಂದರು. ಚಾಕ್ ಹಿಡಿದು ನಿಂತವಳು ಗಂಟೆ ಬಾರಿಸುವವರೆಗೂ ನಿಂತೇ ಇದ್ದಳು. ಆ ವರ್ಷ ಗಣಿತದಲ್ಲಿ ಫೇಲು. ಬೀಡಿ ಕಟ್ಟಲು ಕೂತವಳು ಇಪ್ಪತ್ತೈದು ವರ್ಷ ಏಳಲಿಲ್ಲ.

ಈಗ ಹೊಗೆಸೊಪ್ಪಿನ ಧೂಳಿಗೆ ಕೆಮ್ಮು. ಈ ಕೆಲಸ ನಿಲ್ಲಿಸದಿದ್ದರೆ ಎದೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮಿಜಾರಿನ ಹಾಸ್ಟೆಲೊಂದರಲ್ಲಿ ಅಡುಗೆ ಸಾಮಾನಿನ ಕೋಣೆ ನೋಡಿಕೊಳ್ಳುವ ಕೆಲಸ ಸಿಗುವುದಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಈ ವರ್ಷದ ಮೂರನೇ ಪರೀಕ್ಷೆಯವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರಿಗೆ ಎಂದಿದ್ದರು.

ಗಣಿತಕ್ಕೆ ಮತ್ತೆ ಕಟ್ಟಿ ಕೂತ ಮೊದಲ ಪರೀಕ್ಷೆಯಲ್ಲಿ ಎಕ್ಸ್ ಕಂಡದ್ದೇ ಅವಳ ಪೆನ್ನು ನಿಂತಿತು. ಹೊಟ್ಟೆನೋವೆಂದು ಅರ್ಧ ಗಂಟೆಗೇ ಎದ್ದು ಬಂದು, ಮನೆಯ ಬಾಗಿಲು ಹಾಕಿಕೊಂಡು ಕೂತಳು.

ಪಕ್ಕದ ಮನೆಯ ಹಸ್ನಾ ಬಿ.ಎಡ್. ಓದುವ ಹುಡುಗಿ. ಅವಳೇ ಬಾಗಿಲು ತಟ್ಟಿದಳು.

"ಎಕ್ಸ್ ಅಂದ್ರೆ ಮುಚ್ಚಳ ಹಾಕಿದ ಡಬ್ಬಿ, ಪ್ರೇಮಕ್ಕ. ಎರಡು ಡಬ್ಬಿಯಲ್ಲಿ ಒಂದೇ ಲೆಕ್ಕದ ಬೀಡಿ ಉಂಟು, ಹೊರಗೆ ಮೂರು. ಒಟ್ಟು ಹನ್ನೊಂದು. ಒಂದು ಡಬ್ಬಿಯಲ್ಲಿ ಎಷ್ಟು?"

"ನಾಲ್ಕು."

"ಬಂತಲ್ಲ ಮಾರಾಯ್ರೆ!"

"ಡಬ್ಬಿಯಾದರೆ ಬರ್ತದೆ. ಎಕ್ಸ್ ಅಂದಕೂಡಲೇ ಮಾಷ್ಟ್ರು ಬೆನ್ನ ಹಿಂದೆ ಬಂದು ನಿಲ್ತಾರೆ."

ಎರಡನೇ ಸಲ ಪ್ರೇಮಕ್ಕ ಕೊನೆಯವರೆಗೂ ಕೂತಳು. ಬೆವರಿಗೆ ಕಾಗದ ಒದ್ದೆಯಾದರೂ ಡಬ್ಬಿಗಳನ್ನೆಲ್ಲ ತೆರೆದಳು. ಪಾಸಾಗಲು ಒಂದೇ ಒಂದು ಅಂಕ ಕಡಿಮೆ ಬಿತ್ತು.

ಹಸ್ನಾ ಉತ್ತರಪತ್ರಿಕೆಯ ಪ್ರತಿ ತರಿಸಿದಳು. ಸರಾಸರಿಯ ಪ್ರಶ್ನೆ: ಐದು ದಿನ ಶಾಲೆಗೆ ಬಾರದ ಮಕ್ಕಳ ಸಂಖ್ಯೆ ಆರು, ನಾಲ್ಕು, ಸೊನ್ನೆ, ಎಂಟು, ಏಳು. ಪ್ರೇಮಕ್ಕ ಕೂಡಿಸಿ ಇಪ್ಪತ್ತೈದು ಎಂದು ಸರಿಯಾಗಿಯೇ ಬರೆದಿದ್ದಳು. ಭಾಗಿಸಿದ್ದು ಮಾತ್ರ ನಾಲ್ಕರಿಂದ.

"ಐದು ದಿನ ಅಲ್ವಾ ಪ್ರೇಮಕ್ಕ?"

"ಒಂದು ದಿನ ಏನೂ ಇಲ್ಲವಲ್ಲ! ಕಟ್ಟಿದ ಬೀಡಿ ಕೊಂಡುಹೋಗದ ದಿನವನ್ನು ಕಂಪೆನಿಯ ಬ್ರಾಂಚಿನವರು ಪುಸ್ತಕದಲ್ಲಿ ಬರೀತಾರಾ? ಸೊನ್ನೆಯ ದಿನ ದಿನವೇ ಅಲ್ಲ."

ಹಸ್ನಾ ಪತ್ರಿಕೆಯನ್ನು ಪಕ್ಕಕ್ಕಿಟ್ಟಳು. "ಬೀಡಿ ಕೊಡದ ದಿನ ನೀವು ಊಟ ಮಾಡ್ತೀರಾ?"

"ಮಾಡದೆ?"

"ಕೆಮ್ಮು ಬರ್ತದಾ?"

"ಅದಕ್ಕೆ ರಜೆ ಎಲ್ಲಿ?"

"ಹಾಗಾದ್ರೆ ಆ ದಿನ ಉಂಟು. ಉಂಟಾದ್ರೆ ಲೆಕ್ಕಕ್ಕೆ ಸೇರಿಸಬೇಕು."

ತಪ್ಪು ತಿಳಿದ ಮೇಲೆ ಹೆದರಿಕೆ ಇಳಿಯಬೇಕಿತ್ತು, ಏರಿತು. ಎಕ್ಸ್ ಆದರೆ ಎದುರಿಗೇ ಬಂದು ನಿಲ್ಲುವ ಶತ್ರು. ಇದು ಇಷ್ಟು ವರ್ಷ ತನ್ನ ಕೈಯೊಳಗೇ ಕೂತಿತ್ತು, ಸರಿ ಎಂಬಂತೆ. ಇನ್ನೆಷ್ಟು ಇವೆಯೋ! ಅಕ್ಕಿ ತೊಳೆಯುವಾಗಲೂ, ಎಲೆ ಕತ್ತರಿಸುವಾಗಲೂ ಅವಳು ಬಾಯಲ್ಲೇ ಸರಾಸರಿ ತೆಗೆದಳು. ಪ್ರತಿ ಸಲ ಕೊನೆಗೆ ಕೈ ತಡೆಯುತ್ತಿತ್ತು: ಎಷ್ಟರಿಂದ ಭಾಗಿಸಬೇಕು?

"ನಾನು ಬೆಳಗ್ಗೆ ಹಾಲು ತೆಗೆಯಲು ಎಷ್ಟು ರಬ್ಬರ್ ಮರಕ್ಕೆ ಕತ್ತಿ ಹಾಕಿದೆ ಅಂತ ಕೇಳು, ಹೇಳ್ತೇನೆ. ಸರಾಸರಿ ಕೇಳಿ ಕೊಲ್ಲಬೇಡ ಮಾರಾಯ್ತಿ" ಎಂದು ಜತ್ತಪ್ಪ ತಟ್ಟೆ ಎತ್ತಿಕೊಂಡು ಜಗಲಿಗೆ ಓಡಿದ.

ಮೂರನೇ ಪರೀಕ್ಷೆಯ ಬೆಳಗ್ಗೆ ಅವನು ತೋಟಕ್ಕೆ ಹೋಗಿಯಾಗಿತ್ತು. ಪ್ರೇಮಕ್ಕ ಎರಡು ಸಲ ಅಂಗಳಕ್ಕಿಳಿದು ಎರಡು ಸಲವೂ ಒಳಗೆ ಹೋದಳು. ನೀರು ಕುಡಿದಳು. ಹಾಲ್ ಟಿಕೆಟ್ ಚೀಲದಲ್ಲಿದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡಿದಳು. ಮೂಡುಬಿದಿರೆಯ ಬಸ್ಸಿನ ಹಾರ್ನ್ ತಿರುವಿನಾಚೆ ಕೇಳಿತು. ಹೊಟ್ಟೆ ನಿಜವಾಗಿಯೇ ನೋಯತೊಡಗಿತು.

ಆಗ ಅವಳು ಬಾಗಿಲೆಳೆದು ಬೀಗ ಹಾಕಿದಳು. ಬೇಲಿಯ ಬಳಿ ನಿಂತಿದ್ದ ಹಸ್ನಾಳ ಕೈಗೆ ಬೀಗದಕೈ ತುರುಕಿದಳು.

"ಒಂದೂವರೆಗೆ ಮೊದಲು ನಾನು ಬಂದು ಅತ್ತು ಕೇಳಿದರೂ ಕೊಡಬೇಡ."

"ಕೊಡುವುದಿಲ್ಲ."

"ಸಾಯ್ತೇನೆ ಅಂದರೂ?"

"ಅಂದರೂ ಕೊಡುವುದಿಲ್ಲ. ಬಸ್ಸು ಬಂತು, ಹೋಗಿ ಪ್ರೇಮಕ್ಕ."

ಪರೀಕ್ಷೆಗೆಂದು ಆ ಮನೆಯಿಂದ ಅವಳು ಹೊರಟದ್ದು ಅದೇ ಕೊನೆ; ಮತ್ತೆ ಹೊರಡುವ ಅಗತ್ಯ ಬೀಳಲಿಲ್ಲ. ಹಿಂದಕ್ಕೆ ತಿರುಗಿ ನೋಡಲಿಲ್ಲ; ನೋಡಿದ್ದರೂ ಬಾಗಿಲಿಗೆ ಬೀಗವಿತ್ತು.