ಕೆಂಪು ನಲ್ಲಿಯ ತಣ್ಣೀರು

ನಂಬಿದರೆ ನಂಬಿ, ಬಿಟ್ಟರೆ ಬಿಡಿ, ಆ ಕಾಲದಲ್ಲಿ ನಮ್ಮ ಮನೆಗೆ ಶರದೃತು ಬರುತ್ತಿದ್ದದ್ದು ಬಚ್ಚಲಿನ ನಲ್ಲಿಯಿಂದ. ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿ, ಮೂರನೆಯ ಮಹಡಿಯ ಒಂದು ಕೋಣೆ, ಒಂದು ಹಾಲ್ ಇದ್ದ ಮನೆ ನಮ್ಮದು. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿ ಕಾದು, ನೀಲಿ ನಲ್ಲಿ ತಿರುಗಿಸಿದರೆ ಕೈ ಸುಡುವ ನೀರು ಬರುತ್ತಿತ್ತು. ಅದಕ್ಕೇ ಎಲ್ಲರೂ ಬಚ್ಚಲಿನ ಹೀಟರ್ ಆರಿಸಿಬಿಡುತ್ತಿದ್ದರು. ಎಸಿಯ ತಂಪಿನಲ್ಲಿ ಅದರ ಹೊಟ್ಟೆಯೊಳಗೆ ನಿಂತ ನೀರು ತಣ್ಣಗಾಗಿ ಕೆಂಪು ನಲ್ಲಿಯಲ್ಲಿ ಬರುತ್ತಿತ್ತು. ಕೆಂಪು ಎಂದರೆ ಬಿಸಿ ಎಂದು ಟೀಚರ್ ಹೇಳಿದಾಗ ನಾನು ಎದ್ದು ನಿಂತು, "ಅಲ್ಲ ಮಿಸ್, ತಣ್ಣಗೆ" ಎಂದು ವಾದಿಸಿದ್ದೆ.

ನವರಾತ್ರಿಯ ಆಸುಪಾಸಿನಲ್ಲಿ ಅಪ್ಪ ದಿನಾ ಬೆಳಿಗ್ಗೆ ನೀಲಿ ನಲ್ಲಿಯ ಕೆಳಗೆ ಕೈ ಹಿಡಿದು, ಕಣ್ಣು ಮುಚ್ಚಿ, ವೈದ್ಯರು ನಾಡಿ ನೋಡುವ ಹಾಗೆ ನಿಲ್ಲುತ್ತಿದ್ದರು. ಒಂದು ದಿನ ನೀರು ತಂಪಾಗಿರುತ್ತಿತ್ತು. ಆಗ ಹೀಟರಿನ ಸ್ವಿಚ್ ಒತ್ತಿ ಹಾಲಿಗೆ ಬಂದು, "ಖಲಾಸ್! ಬೇಸಿಗೆ ಖಲಾಸ್!" ಎಂದು ಕೂಗುವುದು. ಆಮೇಲೆ ಮನೆಯೇ ಮಗ್ಗುಲು ಬದಲಿಸುತ್ತಿತ್ತು. ಎಸಿಯ ತಂಪು ಸೋರದಂತೆ ಕಿಟಕಿಯ ಸಂದಿಗೆ ಅಂಟಿಸಿದ್ದ ಟೇಪನ್ನು ಅಮ್ಮ ಪರಪರ ಕಿತ್ತು, ಉಳಿದ ಅಂಟಿಗೆ ತೆಂಗಿನೆಣ್ಣೆ ಹಚ್ಚಿ ಉಜ್ಜುತ್ತಿದ್ದಳು. ಐದು ತಿಂಗಳು ಗುಂಯ್‌ಗುಡುತ್ತಿದ್ದ ಎಸಿ ನಿಂತಾಗ ಕಿವಿಯೊಳಗೆ ಒಂದು ಹೊಸ ಮೌನ. ಅದರೊಳಕ್ಕೆ ಮೆಲ್ಲಗೆ ಬಾಂಗು, ಪಾರಿವಾಳದ ರೆಕ್ಕೆ, ಕೆಳಗಿನ ಕೆಫೆಟೇರಿಯಾದಿಂದ ಪರೋಟ ತಟ್ಟುವ ಸದ್ದು, ಎಲ್ಲ ಬಂದು ಕೂರುತ್ತಿದ್ದವು. ಅವತ್ತಿನಿಂದ ಸಂಜೆಯ ಚಹಾ ಬಾಲ್ಕನಿಯಲ್ಲಿ. ನನ್ನ ಪಾಲಿಗೆ ಅದೇ ಹಬ್ಬ.

ನನಗೆ ಹತ್ತು ವರ್ಷವಾಗಿದ್ದ ಆ ಸಲ ಹಬ್ಬಕ್ಕೆ ಮೊದಲೇ ಮನೆಯಲ್ಲಿ ದುಃಖವಿತ್ತು. ಪುತ್ತೂರಿನ ಅಜ್ಜಿ, ಅಮ್ಮನ ಅಮ್ಮ, ಜೂನಿನಲ್ಲಿ ತೀರಿಕೊಂಡಿದ್ದರು. ಅಮ್ಮನ ಪಾಸ್‌ಪೋರ್ಟು ವೀಸಾ ನವೀಕರಣಕ್ಕೆ ಹೋಗಿತ್ತು, ಕೊನೆಯ ಮುಖ ನೋಡಲಿಕ್ಕೂ ಆಗಲಿಲ್ಲ. ಅಜ್ಜಿ ಹಿಂದೊಮ್ಮೆ ಒದ್ದೆ ಬಟ್ಟೆ ಸುತ್ತಿ ಕೊಟ್ಟಿದ್ದ ಕರಿಬೇವಿನ ಗಿಡ ಮಾತ್ರ ಹಾಲಿನ ಮೂಲೆಯಲ್ಲಿತ್ತು. ಅಮ್ಮ ಅದರ ಎಲೆ ಒರೆಸುತ್ತ, "ಹವೆ ತಿರುಗಲಿ, ನಿನ್ನನ್ನು ಹೊರಗೆ ಕೂರಿಸ್ತೇನೆ" ಎಂದು ಮಾತಾಡಿಸುತ್ತಿದ್ದಳು.

ನವರಾತ್ರಿಯ ಹೊತ್ತಿನ ಒಂದು ಶುಕ್ರವಾರ ಬೆಳಿಗ್ಗೆ ಗಾಳಿ ನಿಜಕ್ಕೂ ತಂಪಾಗಿತ್ತು. ಅಪ್ಪ ಪರೋಟ ತರಲು ಕೆಳಗೆ ಹೋಗಿದ್ದರು. ಅಮ್ಮ ಗಿಡವನ್ನು ಬಾಲ್ಕನಿಯಲ್ಲಿಟ್ಟು, ಕೋಣೆಯ ಕಿಟಕಿ ಉಜ್ಜಲು ಒಳಗೆ ಹೋದಳು. ಗಿಡಕ್ಕೆ ಪುತ್ತೂರಿನ ಮಳೆ ಬರಿಸಬೇಕೆಂದು ನನಗೆ ತೋರಿತು. ಬಾಲ್ಕನಿ ತೊಳೆಯುವ ಪೈಪಿನ ತುದಿಯನ್ನು ಗಿಡದ ಮೇಲಕ್ಕೆ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಕೆಂಪು ನಲ್ಲಿಗೆ ಸಿಕ್ಕಿಸಿ, ತಿರುಗಿಸಿ ಓಡಿ ಬಂದು ಬಾಗಿಲಲ್ಲಿ ಕೂತೆ. ಎಲೆಗಳ ಮೇಲೆ ನೀರು ಬಿಸಿಲಲ್ಲಿ ಹೊಳೆಯುತ್ತ ಬಿತ್ತು. ಸ್ವಲ್ಪ ಹೊತ್ತಿಗೆ ಹಾಲೆಲ್ಲ ಒಗ್ಗರಣೆಯ ಪರಿಮಳ. ಗಿಡಕ್ಕೆ ಎಷ್ಟು ಖುಷಿಯಾಗಿದೆ ಎಂದುಕೊಂಡು ನಾನು ಆ ಪರಿಮಳದಲ್ಲಿ ಕಣ್ಣುಮುಚ್ಚಿ ಕೂತೇ ಇದ್ದೆ.

ಅಪ್ಪ ಒಳಗೆ ಬಂದರು. ಬಾಲ್ಕನಿಗೆ ಬರಿಗಾಲು ಇಟ್ಟವರೇ, "ಅಯ್ಯಯ್ಯೋ!" ಎಂದು ಹಾರಿದರು. ಓಡಿ ಹೋಗಿ ನಲ್ಲಿ ನಿಲ್ಲಿಸಿದರು. ಅವತ್ತು ಅವರು ಹೀಟರ್ ಹಾಕಿಯೇ ಕೆಳಗೆ ಹೋಗಿದ್ದರು. ಪರೋಟ ತಂದು, ಎಲ್ಲರ ಎದುರು ಖಲಾಸ್ ಎನ್ನಬೇಕೆಂದು ಸುಮ್ಮನಿದ್ದರಂತೆ. ಎಲೆಗಳು ಬೇಯಿಸಿದ ಬಸಳೆಯಂತೆ ಜೋತುಬಿದ್ದಿದ್ದವು.

"ಯಾರು ನೀರು ಬಿಟ್ಟದ್ದು?" ಎಣ್ಣೆಗೈಯಲ್ಲಿ ಅಮ್ಮ ಬಾಗಿಲಲ್ಲಿ ನಿಂತಿದ್ದಳು.



"ನಾನೇ ಮಾರಾಯ್ತಿ," ಎಂದರು ಅಪ್ಪ. "ಹೀಟರ್ ಹಾಕಿದ್ದು ಮರೆತೇ ಹೋಯ್ತು."

"ನಿಮ್ಗೆ ಸ್ವಲ್ಪವಾದ್ರೂ ತಲೆ ಉಂಟಾ? ಅಮ್ಮನದ್ದು ಅಂತ ನನ್ನ ಹತ್ರ ಇದ್ದದ್ದು ಇದೊಂದೇ!" ಅಮ್ಮ ಅಲ್ಲೇ ಕೂತು ಬಿಕ್ಕಿದಳು. ಅಪ್ಪ ನನ್ನ ಕಡೆ ನೋಡಲೇ ಇಲ್ಲ. ಪೈಪನ್ನು ಸುರುಳಿ ಸುತ್ತುತ್ತ ನಿಂತರು. ಗಿಡ ಬದುಕಲಿಲ್ಲ. ಆ ವರ್ಷ ಬಾಲ್ಕನಿಯಲ್ಲಿ ಒಂದು ದಿನವೂ ಚಹಾ ಕುಡಿಯಲಿಲ್ಲ.

ಸಿಟ್ಟು ಮುಂದಿನ ವರ್ಷಗಳಲ್ಲಿ ತಮಾಷೆಯಾಯಿತು. "ನಮ್ಮವರು ಕರಿಬೇವಿಗೆ ಅಭ್ಯಂಜನ ಮಾಡಿಸಿದವರು" ಎಂದು ಅಮ್ಮ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಎಲ್ಲರ ಜೊತೆ ಅಪ್ಪನೂ ನಗುತ್ತಿದ್ದರು. ನಾಳೆ ಹೇಳಿದರಾಯಿತು ಎಂದು ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಎಂಥ ಹೇಡಿ ನಾನು! ಅಪ್ಪ ಹೋಗಿ ಈಗ ಎರಡು ವರ್ಷ.

ಈಗ ನಾನು ಅಬುಧಾಬಿಯಲ್ಲಿದ್ದೇನೆ. ಕಳೆದ ಅಕ್ಟೋಬರಿನಲ್ಲಿ ಅಮ್ಮ ವಿಸಿಟ್ ವೀಸಾದಲ್ಲಿ ಬಂದಿದ್ದಳು. ಬಾಲ್ಕನಿ ತೊಳೆಯುತ್ತಿದ್ದಾಗ ನನ್ನ ಮಗನಿಗೆ ಅದೇ ಕಥೆ ಶುರುಮಾಡಿದಳು. "ನಿನ್ನಜ್ಜ ಗಿಡಕ್ಕೆ ಬಿಸಿನೀರು ಹೊಯ್ದದ್ದು ಗೊತ್ತುಂಟಾ?"

"ಬಟ್ ವೈ, ಅಜ್ಜಿ?" ಎಂದ ಅವನು.

"ಅಪ್ಪ ಅಲ್ಲಮ್ಮ," ಎಂದೆ. "ನಾನು."

ಅಮ್ಮ ಕೈಯಲ್ಲಿದ್ದ ಪೊರಕೆ ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಅವ್ರು ಇರುವಾಗ ಹೇಳ್ಬಾರ್ದಿತ್ತಾ ಮಗಳೇ," ಎಂದಳು. "ಎಷ್ಟು ವರ್ಷ ಬೈದೆ ನಾನು ಅವ್ರಿಗೆ."

ಆಮೇಲೆ ಕೈ ತೊಳೆಯಲು ಒಳಗೆ ಹೋದಳು. ಈ ಕಟ್ಟಡದಲ್ಲಿ ಟ್ಯಾಂಕಿಯ ನೀರನ್ನು ಯಂತ್ರವೇ ತಂಪು ಮಾಡುತ್ತದೆ. ಕೆಂಪಿಲ್ಲ, ನೀಲಿಯಿಲ್ಲ, ಒಂದೇ ಹಿಡಿಕೆಯ ನಲ್ಲಿ, ವರ್ಷವಿಡೀ ಒಂದೇ ನೀರು. ಅಮ್ಮ ಅದರ ಕೆಳಗೆ ಕೈ ಹಿಡಿದು, ಕಣ್ಣು ಮುಚ್ಚಿ, ಬಹಳ ಹೊತ್ತು ನಿಂತಿದ್ದಳು. ಖಲಾಸ್ ಎಂದು ಕೂಗುವವರು ಯಾರೂ ಇರಲಿಲ್ಲ.