ಹತ್ತು ನಿಮಿಷ ತಡವಾದ ಅಲಾರಾಂ

ಆಸ್ಪತ್ರೆಯ ಲಸಿಕೆ ಉಗ್ರಾಣ ನೋಡಿಕೊಳ್ಳುವವಳಿಗೆ ನರ್ಸುಗಳು ಇಟ್ಟ ಹೆಸರು ಥರ್ಮಾಮೀಟರಕ್ಕ. ಊಟಕ್ಕೆ ಕೂತರೂ ಅವಳ ಒಂದು ಕಣ್ಣು ಫ್ರಿಜ್ಜಿನ ಮೇಲೆ. ಎರಡು ಡಿಗ್ರಿಗಿಂತ ಇಳಿದರೂ ಕೇಡು, ಎಂಟು ದಾಟಿದರೂ ಕೇಡು. ಚಿಂತೆ ಅವಳ ಹುಟ್ಟುಗುಣ, ಸುಟ್ಟರೂ ಹೋಗುವಂಥದ್ದಲ್ಲ. ಉಗ್ರಾಣಕ್ಕೆ ಅಂಥವಳೇ ಬೇಕೆಂದು ದೊಡ್ಡ ಡಾಕ್ಟರಮ್ಮ ಆರು ವರ್ಷದಿಂದ ಅವಳನ್ನು ಗುತ್ತಿಗೆಯ ಮೇಲೆ ಇಟ್ಟುಕೊಂಡಿದ್ದರು.

ಫ್ರಿಜ್ಜು ಬಿಸಿಯಾದರೆ ಕಂಪ್ಯೂಟರ್ ಕೂಗಿಕೊಳ್ಳುವ ಏರ್ಪಾಡಿತ್ತು. ಅದು ಕೊಂಡು ತಂದ ಸಾಫ್ಟ್‌ವೇರಲ್ಲ. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಿ ತಿದ್ದಬಹುದು. ತಿದ್ದಿದ್ದು ಸರಿಯೆನಿಸಿದರೆ ಎಲ್ಲರಿಗೂ ಹಂಚಿಹೋಗುತ್ತದೆ. ಅದು ಬಂದಮೇಲೆ ಲಸಿಕೆ ಕೆಡುವುದು ನಿಂತಿತು. ಒಂದೇ ತೊಂದರೆಯೆಂದರೆ, ಮುಚ್ಚಳ ತೆಗೆದರೂ ರಚ್ಚೆ ಹಿಡಿದ ಮಗುವಿನಂತೆ ಕೂಗುತ್ತಿತ್ತು. ಕೇಳಿ ಕೇಳಿ ನರ್ಸುಗಳು ಕಿವಿಗೊಡುವುದನ್ನೇ ಬಿಟ್ಟರು. ಅಕ್ಕ ತಾನೇ ಓದಿ ಕಲಿತು, ಬಿಸಿ ಏರಿ ಹತ್ತು ನಿಮಿಷವಾದ ಮೇಲಷ್ಟೇ ಕೂಗುವಂತೆ ತಿದ್ದಿದಳು. ಹನ್ನೊಂದು ದೇಶಗಳ ಆಸ್ಪತ್ರೆಗಳು ಅವಳ ತಿದ್ದುಪಡಿಯನ್ನು ಹಾಕಿಕೊಂಡವು. ಡಾಕ್ಟರಮ್ಮ ಕಂಡಕಂಡವರಿಗೆಲ್ಲ ಹೇಳಿ ಬೀಗಿದರು. ಅವಳ ಕೆಲಸ ಕಾಯಂ ಮಾಡಿರೆಂಬ ಪತ್ರವೂ ಸಿದ್ಧವಾಯಿತು. ‘ಆರು ವರ್ಷದಲ್ಲಿ ಒಂದು ತಪ್ಪೂ ಇಲ್ಲ’ ಎಂದು ಅದರಲ್ಲಿ ಬರೆದಿತ್ತು. ಡಾಕ್ಟರಮ್ಮ ಸಹಿ ಹಾಕಿ ಮೇಲಿನವರಿಗೆ ಕಳಿಸುವುದೊಂದೇ ಬಾಕಿ.

ಆ ವಾರವೇ, ಸಾಫ್ಟ್‌ವೇರ್ ಬಳಸುವವರೆಲ್ಲ ಬರೆದುಕೊಳ್ಳುವ ಪುಟದಲ್ಲಿ, ಯಾವುದೋ ದ್ವೀಪದ ಆಸ್ಪತ್ರೆಯವರು ಹಾಕಿದ ಫೋಟೋ ಅವಳ ಕಣ್ಣಿಗೆ ಬಿತ್ತು. ಅವರ ಫ್ರಿಜ್ಜಿಗೆ ಬಾಗಿಲು ಮುಂದುಗಡೆ ಇತ್ತು. ಅವಳದು ಟ್ರಂಕಿನ ಹಾಗೆ ಮೇಲೆ ಮುಚ್ಚಳವಿದ್ದದ್ದು. ತೆರೆದರೂ ತಂಪು ತಳದಲ್ಲೇ ಉಳಿಯುತ್ತದೆ. ಮುಂದಿನ ಬಾಗಿಲು ತೆರೆದರೆ ತಂಪೆಲ್ಲ ಹೊರಗೆ. ಅಲ್ಲಿ ಅಲಾರಾಂ ಹತ್ತು ನಿಮಿಷ ಸುಮ್ಮನಿರುವುದು ಲಸಿಕೆಗೆ ಅಪಾಯ. ಇಷ್ಟು ವರ್ಷ ಲಸಿಕೆಗೆ ಒಂದೇ ಥರದ ಫ್ರಿಜ್ಜು ನೋಡಿದವಳಿಗೆ, ಮನೆಯ ಫ್ರಿಜ್ಜಿನಂಥದ್ದರಲ್ಲೂ ಲಸಿಕೆ ಇಡುತ್ತಾರೆಂದು ಹೊಳೆದೇ ಇರಲಿಲ್ಲ.

ಅವತ್ತು ಮಧ್ಯಾಹ್ನ ಊಟಕ್ಕೆ ಆಸ್ಪತ್ರೆಗೆ ಬಂದ ಗಂಡನಿಗೆ ಹೇಳಿಕೊಂಡಳು. ಅವನು ಬಸ್ ಡಿಪೋದ ಮೆಕ್ಯಾನಿಕ್.

“ನಾನು ಬ್ರೇಕ್ ತಪ್ಪಾಗಿ ಕೂರಿಸಿದ್ರೆ ಒಂದು ಬಸ್ಸಿಗೆ ಅಪಾಯ. ನಿಂದು ಎಲ್ಲಾ ಬಸ್ಸಿಗೂ ಕೂತಿದೆಯಲ್ಲೇ” ಅಂದವನು ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ. ನಾಡಿದ್ದು ಸಹಿ ಆಗಿಬಿಡಲಿ, ಆಮೇಲೆ ಬರೆದರಾಯಿತು, ಎರಡು ದಿನದಲ್ಲಿ ಮುಳುಗುವುದೇನಿದೆ ಎಂದು ಸಮಾಧಾನ ಹೇಳಿದ.

ಅವಳಿಗೂ ಅದೇ ಆಸೆ. ಆದರೆ ಗಡಿಯಾರದ ಮುಳ್ಳು ಹತ್ತು ನಿಮಿಷ ಸರಿದಾಗೆಲ್ಲ ಎಲ್ಲೋ ಒಂದು ಬಾಗಿಲು ತೆರೆದೇ ಇದೆಯೆನಿಸುತ್ತಿತ್ತು. ಮೂರು ಗಂಟೆಗೆ ತಡೆಯಲಾಗಲಿಲ್ಲ. ಎಲ್ಲರೂ ಓದುವ ಆ ಪುಟದಲ್ಲಿ ತನ್ನ ಹೆಸರು ಹಾಕಿಯೇ ಬರೆದಳು: ತಪ್ಪು ನನ್ನದು, ನಿಮ್ಮ ಫ್ರಿಜ್ಜಿನ ಬಾಗಿಲು ಮುಂದಿದ್ದರೆ ನನ್ನ ತಿದ್ದುಪಡಿಯನ್ನು ಈಗಲೇ ತೆಗೆದುಬಿಡಿ.

ಮರುದಿನ ಬೆಳಿಗ್ಗೆ ದ್ವೀಪದಿಂದ ಉತ್ತರ ಬಂದಿತ್ತು. ಅದನ್ನೇ ಅಚ್ಚು ಹಾಕಿಸಿ ಡಾಕ್ಟರಮ್ಮನ ಮೇಜಿನ ಮೇಲಿಟ್ಟು, ಎಲ್ಲ ಹೇಳಿ ತಲೆ ತಗ್ಗಿಸಿ ನಿಂತಳು.

ಡಾಕ್ಟರಮ್ಮ ಓದಿದರು: ‘ಹೋದ ತಿಂಗಳು ನಮ್ಮಲ್ಲಿ ಒಂದು ಪೆಟ್ಟಿಗೆ ಲಸಿಕೆ ಕೆಟ್ಟಿತು. ಅಲಾರಾಂ ಕೂಗಿದರೂ ಕೇಳಿಸಿಕೊಳ್ಳಲಿಲ್ಲವೆಂದು ಆಗ ಅಲ್ಲಿದ್ದ ಕಸ ಗುಡಿಸುವ ಹೆಂಗಸನ್ನು ಕೆಲಸದಿಂದ ತೆಗೆದಿದ್ದೆವು. ತಾನು ನೋಡಿ ಬಾಗಿಲು ಮುಚ್ಚುವವರೆಗೂ ಅದು ಕೂಗಲೇ ಇಲ್ಲವೆಂದು ಅವಳು ಅತ್ತಿದ್ದಳು. ನೀವು ಬರೆದದ್ದು ನೋಡಿ ಇವತ್ತು ಅವಳ ಮನೆಗೆ ಹೋಗಿ ವಾಪಸು ಕರೆದುಕೊಂಡು ಬಂದೆವು.’

“ಬರೆಯೋ ಮೊದಲು ನನಗೊಂದು ಮಾತು ಹೇಳಬಾರದಿತ್ತಾ?”

“ಹೇಳಿದ್ರೆ ಸಹಿ ಆದ್ಮೇಲೆ ಬರಿ ಅಂತಿದ್ರಿ, ಮೇಡಂ.”

ಡಾಕ್ಟರಮ್ಮ ಸಹಿಗೆ ಕಾದಿದ್ದ ಪತ್ರ ಎಳೆದುಕೊಂಡು, ‘ಒಂದು ತಪ್ಪೂ ಇಲ್ಲ’ ಎಂಬುದನ್ನು ಹೊಡೆದುಹಾಕಿ, ‘ಒಂದು ತಪ್ಪು ಮಾಡಿದ್ದಾಳೆ, ಯಾರೂ ಕೇಳುವ ಮೊದಲೇ ಹೇಳಿದ್ದಾಳೆ’ ಎಂದು ಬರೆದು ಸಹಿ ಹಾಕಿದರು.

ಮೇಲಿನವರು ಇದನ್ನು ಹೇಗೆ ಓದಿಕೊಳ್ಳುತ್ತಾರೋ ಎಂಬ ಹೊಸ ಚಿಂತೆ ಹೊತ್ತು ಅಕ್ಕ ಉಗ್ರಾಣಕ್ಕೆ ಬಂದಳು. ಆ ಹೆಂಗಸು ಒಂದು ತಿಂಗಳು ಮನೆಯಲ್ಲಿ ಏನು ಮಾಡಿಕೊಂಡಿದ್ದಳೋ ಎಂದು ನೆನೆದು ಕಣ್ಣು ತುಂಬಿತು. ಫ್ರಿಜ್ಜು ನೋಡಿದಳು. ಐದು ಡಿಗ್ರಿ ಇತ್ತು.