ಮೂರು ತಾಲೂಕು ಹಿಡಿದಿಟ್ಟ ಸುಂದರಬಾಯಿ

ನೆಲೋಗಿಯ ಸುಂದರಬಾಯಿಯನ್ನು ಕೆಣಕಲು ಒಂದೇ ಮಾತು ಸಾಕು: “ಬಾಯಿ, ನೀವು ಮೂರು ತಾಲೂಕು ಹಿಡಿದು ಕುಂತಿದ್ರಂತಲ್ಲ?” ಆಕೆಗೆ ಸಿಟ್ಟು ಬರುವುದಿಲ್ಲ. “ಹೌದ್ರಿ, ಹಿಡದಿದ್ದೆ. ನನ್ನ ಪಾರು ಮಾಡಿದಾಕಿ ಸರ್ವರಬೇಗಂ” ಎಂದು ಶುರು ಹಚ್ಚುತ್ತಾಳೆ. ಆ ಹೆಸರು ಬಂತೆಂದರೆ ಕೇಳುವವರು ಚಹಾ ಕುಡಿಯದೆ ಏಳುವ ಹಾಗಿಲ್ಲ.

ಅದು ೧೯೮೫ರ ಮಾತು. ಸುಂದರಬಾಯಿ ಜೇವರ್ಗಿಯ ಬಾವಿ ಸರ್ವೆ ಕಚೇರಿಯಲ್ಲಿ ಗುಮಾಸ್ತೆ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕಿನ ಹಳ್ಳಿಗಳಲ್ಲಿ ಹೆಂಗಸರು ನೀರಿಗೆ ಎಷ್ಟು ದೂರ ನಡೆಯುತ್ತಾರೆ, ಯಾವ ಬಾವಿ ಯಾವ ತಿಂಗಳಲ್ಲಿ ಬತ್ತುತ್ತದೆ ಎಂದು ಬರೆದುಕೊಳ್ಳುವ ಕೆಲಸ. ಜೇವರ್ಗಿ ಕಡೆಯ ಅರ್ಧ ಹಳ್ಳಿಗಳನ್ನು ಆಕೆಯೇ ನಡೆದು ಮುಗಿಸಿದ್ದಳು, ಎರಡು ಜೊತೆ ಚಪ್ಪಲಿ ಸವೆದಿದ್ದವು. ಈ ಲೆಕ್ಕವನ್ನೆಲ್ಲ ಹೈದರಾಬಾದಿನ ದೊಡ್ಡ ಕಂಪ್ಯೂಟರಿಗೆ ಕೊಟ್ಟರೆ ಅದು ಹೆಚ್ಚು ತ್ರಾಸಿನ ಹಳ್ಳಿಗಳನ್ನು ಮೊದಲಿಟ್ಟು ಪಟ್ಟಿ ಮಾಡುತ್ತಿತ್ತು. ಮೊದಲ ನೂರು ಹಳ್ಳಿಗೆ ಆ ಬೇಸಿಗೆಯಲ್ಲೇ ಬೋರವೆಲ್. ಗೊತ್ತುಮಾಡಿದ ಶುಕ್ರವಾರದೊಳಗೆ ಪಟ್ಟಿ ಬರದಿದ್ದರೆ ಬೋರ್ ಹಾಕುವ ಗಾಡಿಗಳು ಬೇರೆ ಜಿಲ್ಲೆಗೆ ಹೋಗುತ್ತಿದ್ದವು.

ಹಾಗಾಗಿ ಆಕೆ ಹದಿನೈದು ದಿನದ ಮಟ್ಟಿಗೆ ಹೈದರಾಬಾದಿಗೆ ಹೋದಳು. ಜೊತೆಗೆ ಜೀಪಿನ ಡ್ರೈವರ್ ಖಾದರಸಾಬ. ಕಂಪ್ಯೂಟರ್ ಕೇಂದ್ರದಲ್ಲಿ ಯಂತ್ರ ಒಂದೇ, ಅದಕ್ಕೆ ಜೋಡಿಸಿದ ಕೀಲಿಮಣೆ-ಪರದೆಯ ಟರ್ಮಿನಲ್ ಮೂವತ್ತು. ಎಲ್ಲರೂ ಏಕಕಾಲಕ್ಕೆ ಅದೇ ಯಂತ್ರದಿಂದ ಕೆಲಸ ತೆಗೆಯುತ್ತಿದ್ದರು. ಇವರ ಕೆಲಸ ನೋಡಿಕೊಳ್ಳಲು ಸಿಕ್ಕವಳು ಸರ್ವರಬೇಗಂ. ಅಫಜಲಪುರದ ಕಡೆಯ ಹೆಂಗಸು, ಆರು ವರ್ಷದಿಂದ ಅಲ್ಲಿ ಆಪರೇಟರ್. ಸುಂದರಬಾಯಿ ಬಾಯಿ ತೆರೆದ ಕೂಡಲೇ “ನಮ್ಮ ಕಡೇದಾಕಿ” ಎಂದು ಕುರ್ಚಿ ಎಳೆದು ಕೂಡಿಸಿದಳು. ಪರಊರಲ್ಲಿ ಅಷ್ಟು ಸಿಕ್ಕರೆ ತೌರು ಸಿಕ್ಕಂತೆಯೇ.

“ಪ್ರೋಗ್ರಾಂಗ ಏನೂ ಗೊತ್ತಿರಂಗಿಲ್ಲ ತಂಗಿ, ಹಿಟ್ಟಿನ ಗಿರಣಿ ಇದ್ದಂಗ” ಎಂದು ಸರ್ವರಬೇಗಂ ಹೇಳಿಕೊಟ್ಟಳು. “ಯಾರ ಜ್ವಾಳ ಮ್ಯಾಲ ಸುರೀಬೇಕು, ಯಾರ ಡಬ್ಬಿ ತೆಳಗ ಇಡಬೇಕು, ಮೊದಲ ನಾವ ಹೇಳಬೇಕು. ಅದಕ್ಕ ಅಲೊಕೇಟ್ ಮಾಡೂದು ಅಂತಾರ.”

ಒಂದೊಂದು ತಾಲೂಕಿನ ಲೆಕ್ಕ ಒಂದೊಂದು ಡೇಟಾಸೆಟ್. ಅದನ್ನು ಎರಡು ರೀತಿಯಲ್ಲಿ ತೆಗೆದುಕೊಳ್ಳಬಹುದಿತ್ತು. ಬರೀ ಓದುವುದಾದರೆ ಹತ್ತು ಜನ ಹಂಚಿಕೊಂಡು ಓದಬಹುದು. ತಿದ್ದುವುದಾದರೆ ಒಬ್ಬರೇ ಹಿಡಿಯಬೇಕು. ಹಿಡಿದವರು ಬಿಡುವ ತನಕ ಬೇರೆ ಯಾರಿಗೂ ಅದು ಸಿಗುವುದಿಲ್ಲ. ಸುಂದರಬಾಯಿ ತಿದ್ದುವ ಕೆಲಸದವಳು, ಹಿಡಿಯುವುದನ್ನು ಚೆನ್ನಾಗಿ ಕಲಿತಳು. ಸಂಜೆ ಎದ್ದು ಹೋಗುವಾಗ ಸರ್ವರಬೇಗಂ ತಾನೇ ಹಿಡಿದದ್ದನ್ನೆಲ್ಲ ಬಿಡಿಸಿ ಮುಚ್ಚುತ್ತಿದ್ದಳು.

ಇನ್ನು ನೆಲೋಗಿಯ ಪದ್ಧತಿ ಕೇಳಿ. ನಲ್ಲಿಯ ಮುಂದೆ ಯಾವ ಹೆಂಗಸೂ ತಾಸುಗಟ್ಟಲೆ ನಿಲ್ಲುವುದಿಲ್ಲ. ಪಾಳಿಯಲ್ಲಿ ಕೊಡ ಇಟ್ಟು ಮನೆಗೆ ಹೋಗಿ ರೊಟ್ಟಿ ಬಡಿಯುತ್ತಾಳೆ. ನಡುನಡುವೆ ಬಂದು ಕೊಡವನ್ನು ಮುಂದೆ ಸರಿಸುತ್ತಾಳೆ. ಕೊಡ ಇದ್ದರೆ ಆಕೆ ಇದ್ದಂತೆಯೇ, ಯಾರೂ ತಕರಾರು ಮಾಡುವುದಿಲ್ಲ.

ಆ ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಬಂದ ಸುಂದರಬಾಯಿ ಮಾಡಿದ್ದೂ ಅದನ್ನೇ. ಪಟ್ಟಿ ತೆಗೆಯುವ ದಿನ ಪಾಳಿ ತಪ್ಪಬಾರದೆಂದು ಮೂರೂ ತಾಲೂಕಿನ ಡೇಟಾಸೆಟ್ ತನ್ನ ಹೆಸರಿಗೇ ಹಿಡಿದಳು. ಆಮೇಲೆ ಪಕ್ಕದ ಕೋಣೆಯಲ್ಲಿ ಕಾಗದ ತಾಳೆ ನೋಡುತ್ತ ಕೂತಳು. ಸುಮ್ಮನೆ ಬಿಟ್ಟ ಟರ್ಮಿನಲ್ಲನ್ನು ಯಂತ್ರ ತಾನೇ ಹೊರಗೆ ಹಾಕುತ್ತದೆಂದು ಗೊತ್ತಿತ್ತು. ಅದಕ್ಕೆಂದೇ ಹತ್ತು ನಿಮಿಷಕ್ಕೊಮ್ಮೆ ಬಂದು ಒಂದು ಕೀಲಿ ಒತ್ತಿ ಹೋಗುತ್ತಿದ್ದಳು. ಎಂಥ ಶಿಸ್ತು ನೋಡಿ!

ಆ ಕಡೆ ಯಂತ್ರದ ಕೋಣೆಯಲ್ಲಿ ಸರ್ವರಬೇಗಂ ಒಂಬತ್ತಕ್ಕೇ ಪಟ್ಟಿಯ ಪ್ರೋಗ್ರಾಂ ಕೊಟ್ಟಿದ್ದಳು. ಅದು ಡೇಟಾಸೆಟ್ ಸಿಗದೆ ಕಾಯುತ್ತ ನಿಂತಿತು. ಮುಂದೆ ದೊಡ್ಡ ಕೆಲಸಗಳ ಸಾಲಿದೆ, ಅದಕ್ಕೇ ತಡವೆಂದು ಎಲ್ಲರೂ ತಿಳಿದರು. ಹನ್ನೆರಡೂವರೆಗೆ ಮೇಲ್ವಿಚಾರಕ ಭಗವಂತರಾಯರು ಬಂದು ನೋಡಿದರೆ ಸಾಲು ಖಾಲಿಯಾಗಿತ್ತು, ಇವರದೊಂದೇ ನಿಂತಿತ್ತು.

“ಯಾರೋ ಮೂರೂ ಹಿಡಿದಾರ. ಯಾರದು ಈ ಹೆಸರು?” ಎಂದು ಟರ್ಮಿನಲ್ ಕೋಣೆಗೆ ಬಂದು ಕೇಳಿದರು.

ಆಗಷ್ಟೇ ಕೀಲಿ ಒತ್ತಲು ಬಂದಿದ್ದ ಸುಂದರಬಾಯಿಯ ಕೈ ಅಲ್ಲೇ ನಿಂತಿತು. “ನಂದರಿ ಸಾಹೇಬ್ರ. ಪಾಳಿ ಹಿಡದಿದ್ದೆ” ಎಂದಳು. ತನ್ನ ಪಟ್ಟಿಯ ಪಾಳಿಗೆ ತಾನೇ ಅಡ್ಡ ನಿಂತಿದ್ದೇನೆಂದು ಆಗ ಹೊಳೆಯಿತು. ಸರ್ವರಬೇಗಂ ಬಂದು ಆಕೆಯಿಂದಲೇ ಮೂರನ್ನೂ ಬಿಡಿಸಿದಳು.

ಇವರಿಗೆ ಕೊಟ್ಟ ಸಮಯ ಎರಡಕ್ಕೆ ಮುಗಿಯುತ್ತಿತ್ತು. ಪಟ್ಟಿಗೆ ಎರಡು ತಾಸು ಬೇಕು. ಭಗವಂತರಾಯರು ತಪ್ಪು ಯಾರದೆಂದು ಬರೆಯಲು ರಿಜಿಸ್ಟರ್ ತೆರೆದರು.

“ನನ್ನ ಹೆಸರು ಬರೀರಿ ಸಾಹೇಬ್ರ” ಎಂದಳು ಸರ್ವರಬೇಗಂ. “ಹಿಡಿಯೂದು ಕಲಿಸಿದೆ, ಬಿಡೂದು ಕಲಿಸಲಿಲ್ಲ. ಎರಡರ ಮ್ಯಾಲಿನ ತಾಸು ನಂದೈತಿ, ಇವರಿಗೇ ಕೊಡ್ರಿ.”

ಭಗವಂತರಾಯರು ಆಕೆಯ ಮುಖ ನೋಡಿದರು. “ವಿಚಾರ ಮಾಡಿ ಹೇಳಾಕತ್ತೀಯೇನವಾ?” ಎಂದು ಕೇಳಿದರು. ಆಕೆ ಹೌದೆಂದಳು. ಮೂರಕ್ಕೆ ಹತ್ತು ನಿಮಿಷ ಇರುವಾಗ ಪಟ್ಟಿ ಪ್ರಿಂಟಾಗಿ ಬಂತು. ಖಾದರಸಾಬ ಅದನ್ನು ಎದೆಗವಚಿಕೊಂಡು ಜೀಪು ಹತ್ತಿದ.

ಆ ತಾಸಿನ ಸಂಗತಿ ಸುಂದರಬಾಯಿಗೆ ತಿಳಿದದ್ದು ದಾರಿಯಲ್ಲಿ, ಕ್ಯಾಂಟೀನಿನ ಸುದ್ದಿಯನ್ನೆಲ್ಲ ಬಲ್ಲ ಖಾದರಸಾಬನಿಂದ. ಅದು ಸರ್ವರಬೇಗಂಳ ಬಡ್ತಿ ಪರೀಕ್ಷೆಯ ತಾಸು. ತಾನು ಬರೆದ ಪ್ರೋಗ್ರಾಂ ಯಂತ್ರದ ಮೇಲೆ ಓಡಿಸಿ ತೋರಿಸಬೇಕಿತ್ತು. ಮತ್ತೆ ಆ ಪರೀಕ್ಷೆ ಬರುವುದು ಮುಂದಿನ ವರ್ಷ. ಸುಂದರಬಾಯಿ ಜೇವರ್ಗಿ ಬರುವವರೆಗೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಆ ಬೇಸಿಗೆ ನೂರು ಹಳ್ಳಿಗೂ ನೀರು ಬಂತು. ಪಟ್ಟಿಯಲ್ಲಿದ್ದ ಇಜೇರಿ ಹಳ್ಳಿಯ ಹೆಂಗಸರು ಸುಂದರಬಾಯಿಯನ್ನು ಕರೆಸಿ ಸೀರೆ ಉಡಿಸಿದರು. ಸೀರೆ ಉಟ್ಟ ಮರುದಿನವೇ ಆಕೆ ಸರ್ವರಬೇಗಂಳ ಕ್ಷಮೆ ಕೇಳಿ ನಾಲ್ಕು ಹಾಳೆ ಬರೆದು ಹೈದರಾಬಾದಿಗೆ ಹಾಕಿದಳು. ‘ನಿಮ್ಮ ಒಂದು ವರ್ಷ ನಾ ನುಂಗಿದೆ ಆಪಾ’ ಎಂದು ಮೂರು ಕಡೆ ಬರೆದಿದ್ದಳು.

ವಾರದೊಳಗೆ ಒಂದು ಕಾರ್ಡು ಬಂತು. ‘ನಮ್ಮ ಅಮ್ಮೀ ಎರಡು ಮೈಲಿಯಿಂದ ನೀರು ಹೊತ್ತು ಹೊತ್ತು ಸೊಂಟ ಮುರಕೊಂಡು ತೀರಿಹೋದಳು. ನಿಮ್ಮ ಪಟ್ಟಿಯೊಳಗ ನಮ್ಮೂರು ಅರವತ್ತೊಂದನೇದು ಇತ್ತು. ಅಳಬ್ಯಾಡ ತಂಗಿ, ಆ ತಾಸು ನಾ ನಮ್ಮ ಅಮ್ಮೀಗೆ ಕೊಟ್ಟೇನಿ.’